ಎಣ್ಣೆ ಯಂತ್ರಕ್ಕೆ ಹೊಸ ಪಿಸ್ಟನ್ ರಿಂಗುಗಳನ್ನು ಜೋಡಿಸುವ ಕ್ರಮ

ಬಾವಿಯಲ್ಲಿ ನೀರಿದ್ದ ಮಾತ್ರಕ್ಕೆ ಬೆಳೆ ಉಳಿಯುವುದಿಲ್ಲ. ಆ ನೀರು ವೇಳೆಗೆ ಸರಿಯಾಗಿ ಮೇಲಕ್ಕೆ ಬರಬೇಕು. ವಿದ್ಯುಚ್ಛಕ್ತಿಯ ಪಂಪುಗಳು ಬಹುಮಟ್ಟಿಗೆ ಹರಡಿರುವ ಈ ಕಾಲದಲ್ಲಿಯೂ ತಂತಿ ತಲುಪದ ಹೊಲಗಳಲ್ಲಿ, ಹೊಳೆ ಹಳ್ಳಗಳ ದಡದಲ್ಲಿ, ವಿದ್ಯುತ್ತು ಬೇಕಾದ ಹೊತ್ತಿಗೆ ದೊರೆಯದ ತೋಟಗಳಲ್ಲಿ ಡೀಸೆಲ್ ಎಣ್ಣೆಯ ಯಂತ್ರವೇ ರೈತನಿಗೆ ಆಧಾರವಾಗಿದೆ. ಅಂತಹ ಯಂತ್ರವು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ನಿಂತುಹೋದರೆ ವೀಳ್ಯದೆಲೆಯ ಬಳ್ಳಿಯೂ ಎಳೆಯ ಬಾಳೆಯೂ ಕೆಲವೇ ದಿನಗಳಲ್ಲಿ ಬಾಡತೊಡಗುವುವು. ವರ್ಷವೆಲ್ಲಾ ಪಟ್ಟ ಶ್ರಮವು ಒಂದು ವಾರದಲ್ಲಿ ವ್ಯರ್ಥವಾಗುವುದು.

ಹೊಸ ರಿಂಗು ಹಾಕಿಸಿದ ಮೇಲೆಯೇ ಯಂತ್ರವು ಹೆಚ್ಚಾಗಿ ಕೆಟ್ಟಿತೆಂಬ ದೂರು ಹಳ್ಳಿಗಳಲ್ಲಿ ಅಪರೂಪವಲ್ಲ. ನಡೆಯುವುದು ಸಾಮಾನ್ಯವಾಗಿ ಹೀಗೆ: ಯಂತ್ರವು ಬಲಗುಂದಿ ಹೊಗೆಯುಗುಳತೊಡಗಿದೊಡನೆ ರೈತನು ಪೇಟೆಗೆ ಹೋಗಿ ಒಂದು ಜೊತೆ ರಿಂಗುಗಳನ್ನು ತರುವನು. ಮೇಸ್ತ್ರಿಯು ಅವಸರದಲ್ಲಿ ಹಳೆಯವನ್ನು ತೆಗೆದು ಹೊಸವನ್ನು ಅಳೆಯದೆಯೇ ತೊಡಿಸುವನು. ಯಂತ್ರವು ಎರಡು ಮೂರು ಗಂಟೆ ನಡೆದು, ಬಿಸಿಯೇರಿ, ಬಿಗಿದು ನಿಲ್ಲುವುದು. ಅಥವಾ ನಿಲ್ಲದೆ ಮೊದಲಿನಂತೆಯೇ ಹೊಗೆಯುಗುಳುತ್ತಿರುವುದು. ಆಗ ರಿಂಗು ಕಳಪೆಯೆಂದು ಅಂಗಡಿಯವನನ್ನು ನಿಂದಿಸುವುದುಂಟು. ಆದರೆ ಬಹಳ ವೇಳೆ ತಪ್ಪು ರಿಂಗಿನದಲ್ಲ, ಅಳತೆಯದು. ರಿಂಗನ್ನು ಕೊಂಡರೆ ಸಾಲದು, ಅಳೆದು ಕೂಡಿಸಬೇಕು. ಸಿಲಿಂಡರೇ ಸವೆದಿದ್ದರೆ ರಿಂಗು ಅದಕ್ಕೆ ಮದ್ದಲ್ಲ. ಈ ಎರಡು ಸಂಗತಿಗಳನ್ನು ಯಂತ್ರದ ಒಡೆಯನು ತಿಳಿದಿದ್ದರೆ, ಕೆಲಸವನ್ನು ಮೇಸ್ತ್ರಿಯಿಂದ ಮಾಡಿಸಿದರೂ ಅದು ಸರಿಯಾಗಿ ನಡೆಯಿತೇ ಇಲ್ಲವೇ ಎಂಬುದನ್ನು ಪರೀಕ್ಷಿಸಿಕೊಳ್ಳಬಹುದು.

ರಿಂಗಿನ ಕೆಲಸ

ಆವಿಯಂತ್ರಗಳ ಮೊದಲ ಕಾಲದಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಸಂದನ್ನು ಸೆಣಬಿನ ಹುರಿಯಿಂದ ತುಂಬುತ್ತಿದ್ದರು. ೧೮೫೨ರಲ್ಲಿ ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಂ ಎಂಬ ರೈಲ್ವೆ ಇಂಜಿನಿಯರು ಸೀಳಿದ ಲೋಹದ ಬಳೆಯ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಸಿಲಿಂಡರಿಗಿಂತ ತುಸು ದೊಡ್ಡದಾದ ಬಳೆಯನ್ನು ಒಂದೆಡೆ ಸೀಳಿ, ಅದುಮಿ ಒಳಗಿಟ್ಟರೆ, ಅದು ತನ್ನ ಪುಟಿತದಿಂದಲೇ ಹೊರಕ್ಕೆ ಒತ್ತಿಕೊಂಡು ಗೋಡೆಗೆ ಅಂಟಿ ನಿಲ್ಲುವುದು. ಇಂದಿನ ರಿಂಗೂ ಮೂಲದಲ್ಲಿ ಇದೇ.

ರಿಂಗಿಗೆ ಮೂರು ಕೆಲಸಗಳುಂಟು. ಮೊದಲನೆಯದು, ಪಿಸ್ಟನ್ನಿನ ಮೇಲೆ ಅದುಮಲ್ಪಟ್ಟ ಗಾಳಿಯೂ ಉರಿದ ಅನಿಲವೂ ಕೆಳಕ್ಕೆ ಸೋರದಂತೆ ತಡೆಯುವುದು. ಡೀಸೆಲ್ ಯಂತ್ರದಲ್ಲಿ ಎಣ್ಣೆಯು ಹೊತ್ತಿಕೊಳ್ಳುವುದು ಕಿಡಿಯಿಂದಲ್ಲ, ಅದುಮಿದ ಗಾಳಿಯ ಶಾಖದಿಂದ. ಗಾಳಿ ಸೋರಿದರೆ ಶಾಖವೇ ಹುಟ್ಟುವುದಿಲ್ಲ. ಎರಡನೆಯದು, ಪಿಸ್ಟನ್ನಿನ ತಲೆಗೆ ತಗುಲಿದ ಶಾಖವನ್ನು ನೀರು ಸುತ್ತುವರಿದಿರುವ ಸಿಲಿಂಡರಿನ ಗೋಡೆಗೆ ದಾಟಿಸುವುದು. ಮೂರನೆಯದು, ಗೋಡೆಯ ಮೇಲೆ ತೆಳ್ಳಗೆ ಕೀಲೆಣ್ಣೆಯನ್ನು ಉಳಿಸಿ, ಮಿಕ್ಕದ್ದನ್ನು ಕೆಳಕ್ಕೆ ಕೆರೆದುಹಾಕುವುದು. ಮೇಲಿನ ರಿಂಗುಗಳು ಮುಖ್ಯವಾಗಿ ಮೊದಲ ಎರಡು ಕೆಲಸಗಳನ್ನೂ, ರಂಧ್ರ ಅಥವಾ ಸೀಳುಗಳುಳ್ಳ ಕೆಳಗಿನ ಎಣ್ಣೆ ರಿಂಗು ಮೂರನೆಯದನ್ನೂ ಮಾಡುವುವು.

ರಿಂಗು ಕೆಟ್ಟಿರುವುದನ್ನು ತಿಳಿಯುವ ಬಗೆ

ಯಂತ್ರವು ಬೆಳಗಿನ ಚಳಿಯಲ್ಲಿ ಸುಲಭವಾಗಿ ಹೊರಡದಿರುವುದು, ಚಕ್ರವನ್ನು ಕೈಯಿಂದ ತಿರುಗಿಸುವಾಗ ಎದುರೊತ್ತು ಕಾಣದಿರುವುದು, ಹೊಗೆಯು ನೀಲಿಯಾಗಿರುವುದು, ಕೀಲೆಣ್ಣೆ ಬೇಗಬೇಗನೆ ಕಡಿಮೆಯಾಗುವುದು, ಕ್ರಾಂಕು ಪೆಟ್ಟಿಗೆಯ ಉಸಿರುಗೊಳವೆಯಿಂದ ಹೊಗೆ ಹೊರಡುವುದು—ಇವು ರಿಂಗು ಸವೆದಿರುವುದರ ಲಕ್ಷಣಗಳು. ಹೊಗೆಯು ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆಯೆಂದಾಗಲಿ, ಗಾಳಿ ಸಾಲದೆಂದಾಗಲಿ, ಇಂಜೆಕ್ಟರು ಕೆಟ್ಟಿದೆಯೆಂದಾಗಲಿ ಭಾವಿಸಬೇಕು. ಅದಕ್ಕೆ ರಿಂಗು ಬದಲಾಯಿಸುವುದು ವೃಥಾ ವೆಚ್ಚ.

ಎದುರೊತ್ತು ಇಲ್ಲದಿರುವುದಕ್ಕೆ ವಾಲ್ವುಗಳು ಸರಿಯಾಗಿ ಕೂರದಿರುವುದೂ ಕಾರಣವಾಗಿರಬಹುದು. ಇದನ್ನು ಬೇರ್ಪಡಿಸಿ ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಇಂಧನದ ಎಣ್ಣೆಯನ್ನು ನಿಲ್ಲಿಸಿ, ಇಂಜೆಕ್ಟರನ್ನು ಬಿಚ್ಚಿ, ಆ ರಂಧ್ರದಿಂದ ಒಂದು ಟೀ ಚಮಚದಷ್ಟು ಮಂದವಾದ ಕೀಲೆಣ್ಣೆಯನ್ನು ಒಳಗೆ ಬಿಡಬೇಕು. ಇಂಜೆಕ್ಟರನ್ನು ಮತ್ತೆ ಕೂರಿಸಿ ಚಕ್ರವನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಎದುರೊತ್ತು ಹೆಚ್ಚಿದರೆ ದೋಷವು ರಿಂಗಿನಲ್ಲಿಯೋ ಸಿಲಿಂಡರಿನಲ್ಲಿಯೋ ಇದೆ. ಏಕೆಂದರೆ ಎಣ್ಣೆಯು ಅಲ್ಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಹೆಚ್ಚದಿದ್ದರೆ ವಾಲ್ವುಗಳನ್ನೂ ಹೆಡ್ಡಿನ ಗ್ಯಾಸ್ಕೆಟ್ಟನ್ನೂ ನೋಡಬೇಕು. ಚಮಚಕ್ಕಿಂತ ಹೆಚ್ಚಾಗಿ ಎಣ್ಣೆ ಹೊಯ್ಯಕೂಡದು. ಪಿಸ್ಟನ್ನಿನ ಮೇಲಿನ ಜಾಗ ಬಹಳ ಇಕ್ಕಟ್ಟಾದುದರಿಂದ ಎಣ್ಣೆ ತುಂಬಿದರೆ ಕನೆಕ್ಟಿಂಗ್ ರಾಡು ಬಾಗುವ ಅಪಾಯವುಂಟು.

ಬಿಚ್ಚುವಾಗ ನೋಡಬೇಕಾದುವು

ಗಾಳಿ ಬೀಸಿ ಧೂಳೇಳುವ ಬಯಲಿನಲ್ಲಿ ಯಂತ್ರವನ್ನು ಬಿಚ್ಚಕೂಡದು. ಹೊರಮೈಯನ್ನು ಮೊದಲೇ ಸೀಮೆಎಣ್ಣೆಯಿಂದ ತೊಳೆದು, ಬಿಚ್ಚಿದ ಭಾಗಗಳನ್ನು ಒಗೆದ ಬಟ್ಟೆಯ ಮೇಲೆ ಕ್ರಮವಾಗಿ ಇಡಬೇಕು. ಹೆಡ್ಡನ್ನು ತೆಗೆದೊಡನೆ ಸಿಲಿಂಡರಿನ ಮೇಲ್ತುದಿಯನ್ನು ಉಗುರಿನಿಂದ ಸವರಿ ನೋಡಬೇಕು. ರಿಂಗು ತಲುಪದ ಮೇಲಿನ ಅಂಚು ಸವೆಯದೆ ಉಳಿದು, ಅದರ ಕೆಳಗೆ ಒಂದು ಮೆಟ್ಟಿಲಿನಂತೆ ಉಗುರಿಗೆ ತಗಲುವುದು. ಅದರ ಮೇಲೆ ಮಸಿಯ ಹಕ್ಕಳೆಯೂ ಕಟ್ಟಿರುವುದು. ಈ ಮಸಿಯನ್ನು ಮೊದಲು ಕೆರೆದು ತೆಗೆಯದೆ ಪಿಸ್ಟನ್ನನ್ನು ಮೇಲಕ್ಕೆ ಎಳೆದರೆ ರಿಂಗೂ ಪಿಸ್ಟನ್ನೂ ಮುರಿಯಬಹುದು.

ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗಿನ ಎರಡು ಹೋಳುಗಳ ಮೇಲೂ, ಯಾವುದು ಯಾವ ಕಡೆಗಿತ್ತೆಂಬುದು ತಿಳಿಯುವಂತೆ ಗುರುತು ಹಾಕಬೇಕು. ನಡುವೆ ತೆಳುವಾದ ತಗಡುಗಳಿದ್ದರೆ ಅವು ಯಾವ ಬದಿಯಲ್ಲಿ ಎಷ್ಟಿದ್ದುವೆಂದು ಬರೆದಿಟ್ಟುಕೊಳ್ಳಬೇಕು. ಹಳೆಯ ರಿಂಗುಗಳನ್ನು ತೆಗೆಯಲು ತೆಳುವಾದ ಮೂರು ತಗಡಿನ ಪಟ್ಟಿಗಳನ್ನು ರಿಂಗಿನ ಅಡಿಯಲ್ಲಿ ತೂರಿಸಿ ಜಾರಿಸಿದರೆ ಪಿಸ್ಟನ್ನಿಗೆ ಗೀರು ಬೀಳುವುದಿಲ್ಲ.

ಪಿಸ್ಟನ್ನಿನ ಸುತ್ತಲೂ ರಿಂಗು ಕೂರುವುದಕ್ಕಾಗಿ ಕೊರೆದಿರುವ ತೋಡುಗಳಲ್ಲಿ ಮಸಿಯು ಗಟ್ಟಿಯಾಗಿ ಕೂತಿರುವುದು. ಹಳೆಯ ರಿಂಗೊಂದನ್ನು ಮುರಿದು ಅದರ ತುದಿಯಿಂದ ಮಸಿಯನ್ನು ಕೆರೆಯುವುದು ಉತ್ತಮ. ಅರವನ್ನಾಗಲಿ ಉಳಿಯನ್ನಾಗಲಿ ಉಪಯೋಗಿಸಕೂಡದು. ಎಣ್ಣೆ ರಿಂಗಿನ ತೋಡಿನಲ್ಲಿರುವ ಸಣ್ಣ ರಂಧ್ರಗಳನ್ನೆಲ್ಲಾ ತಂತಿಯಿಂದ ಬಿಡಿಸಬೇಕು. ಇವು ಮುಚ್ಚಿದ್ದರೆ ಕೆರೆದ ಎಣ್ಣೆಗೆ ಇಳಿಯಲು ದಾರಿಯಿಲ್ಲದೆ, ಹೊಸ ರಿಂಗು ಹಾಕಿದರೂ ನೀಲಿ ಹೊಗೆ ನಿಲ್ಲುವುದಿಲ್ಲ.

ಸಿಲಿಂಡರಿನ ಸವೆತವನ್ನು ಅಳೆಯುವುದು

ಸಿಲಿಂಡರು ಎಲ್ಲೆಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಶಾಖವೂ ಒತ್ತಡವೂ ಹೆಚ್ಚಾಗಿ, ಕೀಲೆಣ್ಣೆ ಕಡಿಮೆಯಾಗಿರುವ ಮೇಲ್ಭಾಗದಲ್ಲಿ, ಅಂದರೆ ಮೊದಲನೆಯ ರಿಂಗು ಏರಿ ನಿಲ್ಲುವಲ್ಲಿ ಸವೆತ ಅತ್ಯಧಿಕ. ರಿಂಗು ಮುಟ್ಟದ ಕೆಳತುದಿಯಲ್ಲಿ ಸವೆತವೇ ಇರುವುದಿಲ್ಲ. ಇದನ್ನು ಅಳೆಯಲು ಬೋರ್ ಗೇಜು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ರಿಂಗು ಮತ್ತು ಒಂದು ಫೀಲರ್ ಗೇಜು ಸಾಕು.

ರಿಂಗನ್ನು ಸಿಲಿಂಡರಿನೊಳಗಿಟ್ಟು, ರಿಂಗುಗಳಿಲ್ಲದ ಬರಿಯ ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದ ನೂಕಿದರೆ ರಿಂಗು ಓರೆಯಾಗದೆ ಸಮನಾಗಿ ಕೂರುವುದು. ಮೊದಲು ಸವೆಯದ ಕೆಳತುದಿಯಲ್ಲಿಯೂ ಆಮೇಲೆ ಸವೆದ ಮೇಲ್ಭಾಗದಲ್ಲಿಯೂ ರಿಂಗಿನ ಬಾಯಿಯ ಸಂದನ್ನು ಅಳೆಯಬೇಕು. ಈ ಸಂದನ್ನೇ ಮೇಸ್ತ್ರಿಗಳು ಗ್ಯಾಪು ಎನ್ನುವರು. ಎರಡು ಸಂದುಗಳ ವ್ಯತ್ಯಾಸವು ಸುತ್ತಳತೆಯ ವ್ಯತ್ಯಾಸವಾದುದರಿಂದ ಅದನ್ನು ೩.೧೪ರಿಂದ ಭಾಗಿಸಿದರೆ ವ್ಯಾಸದಲ್ಲಿ ಆಗಿರುವ ಸವೆತವು ದೊರೆಯುವುದು. ಉದಾಹರಣೆಗೆ, ಕೆಳಗೆ ೦.೩೦ ಮಿಲಿಮೀಟರು, ಮೇಲೆ ೦.೯೩ ಮಿಲಿಮೀಟರು ಕಂಡುಬಂದರೆ ವ್ಯತ್ಯಾಸ ೦.೬೩. ಇದನ್ನು ೩.೧೪ರಿಂದ ಭಾಗಿಸಿದರೆ ಸವೆತ ೦.೨೦ ಮಿಲಿಮೀಟರು.

ಎಷ್ಟು ಸವೆತದವರೆಗೆ ಬರಿಯ ರಿಂಗು ಬದಲಾಯಿಸಬಹುದೆಂಬುದು ಆಯಾ ಯಂತ್ರದ ಕೈಪಿಡಿಯಲ್ಲಿರುವುದು, ಅದೇ ಪ್ರಮಾಣ. ಸಣ್ಣ ಯಂತ್ರಗಳಲ್ಲಿ ಸವೆತವು ಸುಮಾರು ೦.೨೦ ಮಿಲಿಮೀಟರನ್ನು ಸಮೀಪಿಸಿದರೆ ಲೈನರನ್ನು ಬದಲಾಯಿಸುವ ಅಥವಾ ಬೋರು ಮಾಡಿಸುವ ಯೋಚನೆಯನ್ನು ಮಾಡತಕ್ಕದ್ದು. ಅಂತಹ ಸಿಲಿಂಡರಿನಲ್ಲಿ ರಿಂಗು ಮೇಲೇರುವಾಗ ಹಿಗ್ಗಿ ಕೆಳಗಿಳಿಯುವಾಗ ಕುಗ್ಗಿ, ಬೇಗನೆ ಸವೆದು ಪುಟಿತ ಕಳೆದುಕೊಳ್ಳುವುದು. ರಿಂಗಿಗೆ ಕೊಟ್ಟ ಹಣವೂ ಹೋಗಿ, ಲೈನರಿನ ವೆಚ್ಚವೂ ತಪ್ಪುವುದಿಲ್ಲ. ಒಮ್ಮೆ ಬೋರು ಮಾಡಿಸಿದ ಸಿಲಿಂಡರಿಗೆ ೦.೨೫ ಅಥವಾ ೦.೫೦ ಮಿಲಿಮೀಟರು ದೊಡ್ಡದಾದ ಪಿಸ್ಟನ್ನನ್ನು ಹಾಕಿದ್ದರೆ ರಿಂಗುಗಳೂ ಅದೇ ಅಳತೆಯವಾಗಿರಬೇಕು. ದೊಡ್ಡ ರಿಂಗಿನ ಬಾಯಿಯನ್ನು ಅರದಿಂದ ಉಜ್ಜಿ ಚಿಕ್ಕ ಸಿಲಿಂಡರಿಗೆ ಕೂರಿಸುವುದು ತಪ್ಪು. ಅದು ದುಂಡಗೆ ಕೂರದೆ ಅಲ್ಲಲ್ಲಿ ಮಾತ್ರ ಗೋಡೆಯನ್ನು ಮುಟ್ಟುವುದು.

ಬಾಯಿಯ ಸಂದು

ಹೊಸ ರಿಂಗಿನ ಬಾಯಿ ಪೂರ್ತಿಯಾಗಿ ಕೂಡಿಕೊಂಡಿದ್ದರೆ ಗಾಳಿ ಸೋರುವುದಿಲ್ಲವೆಂದು ತಿಳಿಯುವವರಿದ್ದಾರೆ. ಇದು ಅಪಾಯಕರವಾದ ಭಾವನೆ. ಕಬ್ಬಿಣವು ಕಾದರೆ ಹಿಗ್ಗುವುದು. ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವ ಕಮ್ಮಾರನಿಗೆ ಇದು ಗೊತ್ತೇ ಇದೆ. ಸಿಲಿಂಡರಿನ ವ್ಯಾಸವು ೮೦ ಮಿಲಿಮೀಟರಾದರೆ ರಿಂಗಿನ ಸುತ್ತಳತೆ ಸುಮಾರು ೨೫೧ ಮಿಲಿಮೀಟರು. ರಿಂಗು ಗೋಡೆಗಿಂತ ೮೦ ಡಿಗ್ರಿ ಸೆಂಟಿಗ್ರೇಡು ಹೆಚ್ಚು ಕಾದರೆ ಅದರ ಉದ್ದ ಸುಮಾರು ೦.೨೨ ಮಿಲಿಮೀಟರು ಬೆಳೆಯುವುದು. ಅಷ್ಟು ಸಂದನ್ನು ಮೊದಲೇ ಬಿಟ್ಟಿರದಿದ್ದರೆ ಎರಡು ತುದಿಗಳೂ ಒಂದನ್ನೊಂದು ಒತ್ತಿ, ರಿಂಗು ಗೋಡೆಯನ್ನು ಉಜ್ಜಿ ಗೀರುಮಾಡುವುದು, ತಾನು ಮುರಿಯುವುದು, ಇಲ್ಲವೆ ಯಂತ್ರವೇ ಬಿಗಿದು ನಿಲ್ಲುವುದು.

ಸಾಮಾನ್ಯವಾದ ನಿಯಮವೆಂದರೆ ವ್ಯಾಸದ ಪ್ರತಿ ಒಂದು ಅಂಗುಲಕ್ಕೆ ಅಂಗುಲದ ಸಾವಿರದಲ್ಲಿ ೩ರಿಂದ ೪ ಪಾಲು, ಅಂದರೆ ಪ್ರತಿ ೧೦೦ ಮಿಲಿಮೀಟರಿಗೆ ೦.೩೦ರಿಂದ ೦.೪೦ ಮಿಲಿಮೀಟರು ಸಂದನ್ನು ಬಿಡುವುದು. ೧೫೦೦ ಸುತ್ತುಗಳ ವೇಗದ ಕಿರ್ಲೋಸ್ಕರ್ ಎ.ವಿ. ೧ ಮಾದರಿಯ ೫ ಅಶ್ವಶಕ್ತಿಯ ಯಂತ್ರದಲ್ಲಿ ಸಿಲಿಂಡರಿನ ವ್ಯಾಸ ೮೦ ಮಿಲಿಮೀಟರು. ಈ ನಿಯಮದಂತೆ ಅದಕ್ಕೆ ಸಂದು ೦.೨೪ರಿಂದ ೦.೩೨ ಮಿಲಿಮೀಟರು. ಮೆಲ್ಲಗೆ ನಡೆಯುವ ಲಿಸ್ಟರ್ ಮಾದರಿಯ ಯಂತ್ರವು ೧೯೨೯ರಲ್ಲಿ ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿ, ಅನಂತರ ರಾಜಕೋಟೆಯ ಕಾರ್ಖಾನೆಗಳಲ್ಲಿಯೂ ತಯಾರಾಯಿತು. ನಾಲ್ಕೂವರೆ ಅಂಗುಲ, ಅಂದರೆ ೧೧೪.೩ ಮಿಲಿಮೀಟರು ವ್ಯಾಸದ ಅದರ ಸಿಲಿಂಡರಿಗೆ ಸಂದು ೦.೩೪ರಿಂದ ೦.೪೬ ಮಿಲಿಮೀಟರು. ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ಈ ಅಳತೆಯನ್ನು ಸಿಲಿಂಡರಿನ ಸವೆಯದ ಕೆಳಭಾಗದಲ್ಲಿಯೇ ನೋಡಬೇಕೆಂಬುದನ್ನು ಮರೆಯಕೂಡದು. ಸವೆದ ಮೇಲ್ಭಾಗದಲ್ಲಿ ಸಂದು ಸರಿಯಾಗಿ ಕಂಡರೂ ರಿಂಗು ಇಕ್ಕಟ್ಟಾದ ಕೆಳಭಾಗಕ್ಕೆ ಇಳಿದಾಗ ತುದಿಗಳು ಕೂಡಿಕೊಳ್ಳುವುವು. ಹೊಸ ರಿಂಗು ಹಾಕಿದ ಯಂತ್ರವು ಬಿಗಿದು ನಿಲ್ಲುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಸಂದು ಸಾಲದಿದ್ದರೆ ನಯವಾದ ಚಪ್ಪಟೆ ಅರವನ್ನು ವೈಸಿನಲ್ಲಿ ಬಿಗಿದು, ರಿಂಗಿನ ಒಂದು ತುದಿಯನ್ನು ಮಾತ್ರ ಹೊರ ಅಂಚಿನಿಂದ ಒಳಕ್ಕೆ ಉಜ್ಜಬೇಕು. ಎರಡು ಮೂರು ಸಲ ಉಜ್ಜಿದೊಡನೆ ಮತ್ತೆ ಸಿಲಿಂಡರಿನಲ್ಲಿಟ್ಟು ಅಳೆಯಬೇಕು. ತೆಗೆದ ಲೋಹವನ್ನು ಮತ್ತೆ ಸೇರಿಸಲು ಬರುವುದಿಲ್ಲ. ತುದಿಯ ಮುಖವು ನೇರವಾಗಿರಬೇಕು. ಅರದಿಂದ ಎದ್ದ ಮುಳ್ಳನ್ನು ನಯವಾದ ಕಲ್ಲಿನಿಂದ ತೆಗೆಯಬೇಕು. ಸಂದು ಸ್ವಲ್ಪ ಹೆಚ್ಚಾದರೆ ತುಸು ಸೋರಿಕೆಯಾಗಬಹುದು. ಕಡಿಮೆಯಾದರೆ ಸಿಲಿಂಡರೇ ಹಾಳಾಗುವುದು. ಆದುದರಿಂದ ಸಂದೇಹವಿದ್ದಲ್ಲಿ ತುಸು ಹೆಚ್ಚಾಗಿರುವುದೇ ಲೇಸು.

ತೋಡಿನ ಸಡಿಲ

ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಮೊದಲು ಅದರ ಹೊರ ಅಂಚನ್ನು ತೋಡಿನಲ್ಲಿಟ್ಟು ಸುತ್ತಲೂ ಉರುಳಿಸಿ ನೋಡಬೇಕು, ಎಲ್ಲಿಯೂ ಹಿಡಿಯಕೂಡದು. ರಿಂಗಿಗೂ ತೋಡಿನ ಗೋಡೆಗೂ ನಡುವೆ ಸಾಮಾನ್ಯವಾಗಿ ೦.೦೪ರಿಂದ ೦.೦೮ ಮಿಲಿಮೀಟರು ಸಡಿಲವಿರಬೇಕು. ಉರಿದ ಅನಿಲವು ಈ ಸಂದಿನಿಂದ ರಿಂಗಿನ ಹಿಂದಕ್ಕೆ ನುಗ್ಗಿ ಅದನ್ನು ಗೋಡೆಗೆ ಒತ್ತುವುದರಿಂದ ಸಡಿಲವೇ ಇಲ್ಲದಿದ್ದರೆ ರಿಂಗು ಕೆಲಸ ಮಾಡುವುದಿಲ್ಲ. ಸಡಿಲವು ಇದರ ಎರಡರಷ್ಟಾಗಿದ್ದರೆ ಪಿಸ್ಟನ್ನಿನ ತೋಡೇ ಸವೆದಿದೆಯೆಂದು ಅರ್ಥ. ಅಂತಹ ತೋಡಿನಲ್ಲಿ ರಿಂಗು ಮೇಲೆ ಕೆಳಗೆ ಬಡಿದಾಡುತ್ತಾ ಎಣ್ಣೆಯನ್ನು ಮೇಲಕ್ಕೆ ಎತ್ತಿಹಾಕುವುದು, ಪಿಸ್ಟನ್ನನ್ನೇ ಬದಲಾಯಿಸಬೇಕು.

ಸಿಲಿಂಡರಿನ ಮೈಯನ್ನು ಸಿದ್ಧಪಡಿಸುವುದು

ಬಹಳ ಕಾಲ ನಡೆದ ಸಿಲಿಂಡರಿನ ಮೈ ಕನ್ನಡಿಯಂತೆ ಹೊಳೆಯುವುದು. ಇದು ನೋಟಕ್ಕೆ ಚೆಂದವಾದರೂ ಹೊಸ ರಿಂಗಿಗೆ ಒಳ್ಳೆಯದಲ್ಲ. ಹೊಸ ರಿಂಗೂ ಗೋಡೆಯೂ ಒಂದನ್ನೊಂದು ತುಸು ಸವೆಸಿಕೊಂಡು ಹೊಂದಿಕೊಂಡರೆ ಮಾತ್ರ ಸೋರಿಕೆ ನಿಲ್ಲುವುದು. ನುಣುಪಾದ ಮೈಯಲ್ಲಿ ಇದು ನಡೆಯುವುದಿಲ್ಲ, ಎಣ್ಣೆಯೂ ನಿಲ್ಲುವುದಿಲ್ಲ. ಆದುದರಿಂದ ಹೋನಿಂಗ್ ಕಲ್ಲಿನಿಂದಾಗಲಿ, ಅದು ದೊರೆಯದಿದ್ದರೆ ಎಣ್ಣೆಯಲ್ಲಿ ನೆನೆಸಿದ ನಯವಾದ ಎಮರಿ ಬಟ್ಟೆಯಿಂದಾಗಲಿ, ಗೀರುಗಳು ಓರೆಯಾಗಿ ಒಂದನ್ನೊಂದು ಕತ್ತರಿಸಿ ಬಲೆಯಂತೆ ಕಾಣುವ ಹಾಗೆ ಹಗುರವಾಗಿ ಉಜ್ಜಬೇಕು. ಮೇಲ್ತುದಿಯ ಮೆಟ್ಟಿಲನ್ನು ವರ್ಕ್‌ಶಾಪಿನಲ್ಲಿ ತೆಗೆಸಿಬಿಡಬೇಕು. ಇಲ್ಲದಿದ್ದರೆ ಹೊಸ ರಿಂಗಿನ ಚೂಪಾದ ಅಂಚು ಅದಕ್ಕೆ ಬಡಿದು ಮುರಿಯುವುದು. ಕ್ರೋಮಿಯಂ ಲೇಪನವುಳ್ಳ ಲೈನರಿಗೆ ಕ್ರೋಮಿಯಂ ರಿಂಗನ್ನು ಹಾಕಕೂಡದು, ಅಂತಹ ಲೈನರನ್ನು ಎಮರಿಯಿಂದ ಉಜ್ಜಲೂ ಕೂಡದು.

ಉಜ್ಜುವಾಗ ಎಮರಿಯ ಪುಡಿ ಕ್ರಾಂಕಿನ ಮೇಲೆ ಬೀಳಬಾರದು. ಲೈನರನ್ನು ಹೊರಕ್ಕೆ ತೆಗೆದು ಉಜ್ಜುವುದೇ ಮೇಲು. ಆಮೇಲೆ ಸೀಮೆಎಣ್ಣೆಯಿಂದ ಒರಸಿದರೆ ಸಾಲದು. ಸೀಮೆಎಣ್ಣೆ ಜಿಡ್ಡನ್ನು ತೆಗೆಯುವುದೇ ಹೊರತು ಗೀರುಗಳಲ್ಲಿ ಸೇರಿದ ಪುಡಿಯನ್ನು ಪೂರ್ತಿಯಾಗಿ ತೆಗೆಯಲಾರದು. ಬಿಸಿನೀರು ಸಾಬೂನುಗಳಿಂದ ಕುಂಚದಲ್ಲಿ ಚೆನ್ನಾಗಿ ತಿಕ್ಕಿ ತೊಳೆದು, ಬಿಳಿಯ ಬಟ್ಟೆಯಿಂದ ಒರಸಿದಾಗ ಅದು ಬಿಳಿಯದಾಗಿಯೇ ಬರುವವರೆಗೆ ತೊಳೆಯಬೇಕು. ಕೂಡಲೇ ಒಣಗಿಸಿ ಕೀಲೆಣ್ಣೆಯನ್ನು ಸವರದಿದ್ದರೆ ತುಕ್ಕು ಹಿಡಿಯುವುದು.

ಜೋಡಿಸುವ ಕ್ರಮ

ಕೆಳಗಿನ ಎಣ್ಣೆ ರಿಂಗನ್ನು ಮೊದಲು ತೊಡಿಸಿ ಕ್ರಮವಾಗಿ ಮೇಲಕ್ಕೆ ಬರಬೇಕು. ರಿಂಗನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಅಗಲಿಸಕೂಡದು. ಎರಕದ ಕಬ್ಬಿಣವು ಬಾಗದೆ ಮುರಿಯುವುದು. ಒಂದು ಮುಖದಲ್ಲಿ ಇಂಗ್ಲಿಷಿನಲ್ಲಿ ‘ಟಾಪ್’ ಎಂದಾಗಲಿ ಬೇರೆ ಗುರುತಾಗಲಿ ಇದ್ದರೆ ಆ ಮುಖವು ಹೆಡ್ಡಿನ ಕಡೆಗೆ ಇರಬೇಕು. ಓರೆ ಮೈಯ ರಿಂಗುಗಳನ್ನು ತಲೆಕೆಳಗಾಗಿ ಹಾಕಿದರೆ ಅವು ಎಣ್ಣೆಯನ್ನು ಕೆಳಕ್ಕೆ ಕೆರೆಯುವ ಬದಲು ಮೇಲಕ್ಕೆ ತಳ್ಳುವುವು. ರಿಂಗುಗಳ ಬಾಯಿಗಳು ಒಂದೇ ಸಾಲಿನಲ್ಲಿರದಂತೆ, ಮೂರು ರಿಂಗುಗಳಿದ್ದರೆ ಸುತ್ತಳತೆಯ ಮೂರನೆಯ ಒಂದು ಪಾಲಿನ ಅಂತರದಲ್ಲಿ, ತಿರುಗಿಸಿಡಬೇಕು.

ಪಿಸ್ಟನ್ನಿಗೂ ಸಿಲಿಂಡರಿಗೂ ಧಾರಾಳವಾಗಿ ಕೀಲೆಣ್ಣೆ ಸವರಿ, ರಿಂಗುಗಳನ್ನು ಕ್ಲಾಂಪಿನಿಂದಾಗಲಿ ತಗಡಿನ ಪಟ್ಟಿಯಿಂದಾಗಲಿ ಬಿಗಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ಒತ್ತಿ ಇಳಿಸಬೇಕು. ಎಲ್ಲಿಯಾದರೂ ತಡೆದರೆ ಕೂಡಲೇ ನಿಲ್ಲಿಸಿ ಹೊರಕ್ಕೆ ತೆಗೆದು ನೋಡತಕ್ಕದ್ದು, ಬಡಿಯಕೂಡದು. ಬೇರಿಂಗಿನ ಬೋಲ್ಟುಗಳನ್ನು ಸಮನಾಗಿ ಬಿಗಿದು ಹೊಸ ಸ್ಪ್ಲಿಟ್ ಪಿನ್ನುಗಳನ್ನು ಹಾಕಬೇಕು. ಹೆಡ್ಡಿನ ನಟ್ಟುಗಳನ್ನು ಒಂದರ ಬಳಿಕ ಅದರ ಎದುರಿನದೆಂಬಂತೆ ಎರಡು ಮೂರು ಸರದಿಯಲ್ಲಿ ಬಿಗಿಯಬೇಕು. ಕೊನೆಗೆ ಚಕ್ರವನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಎಲ್ಲಿಯೂ ತಗಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಯಂತ್ರವನ್ನು ಪಳಗಿಸುವುದು

ಹೊಸ ಎತ್ತನ್ನು ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಯಂತ್ರಕ್ಕೂ ಇದೇ ಮಾತು ಸಲ್ಲುವುದು. ಮೊದಲು ಸುಮಾರು ಅರ್ಧ ಗಂಟೆ ಬರಿದಾಗಿ ನಡೆಸಿ, ಕೀಲೆಣ್ಣೆಯ ಮತ್ತು ತಣಿಸುವ ನೀರಿನ ಹರಿವನ್ನು ನೋಡಬೇಕು. ಆದರೆ ದಿನವೆಲ್ಲಾ ಬರಿದಾಗಿ ನಡೆಸುವುದೂ ತಪ್ಪು. ಒತ್ತಡವಿಲ್ಲದಿದ್ದರೆ ರಿಂಗು ಗೋಡೆಗೆ ಹೊಂದದೆ ಮೈ ಮತ್ತೆ ನುಣುಪಾಗಿಬಿಡುವುದು. ಹೊರೆಯನ್ನು ಕಾಲು, ಅರ್ಧ, ಮುಕ್ಕಾಲು ಎಂದು ಕ್ರಮವಾಗಿ ಹೆಚ್ಚಿಸಿ, ಮೊದಲ ೨೫ ಗಂಟೆಗಳವರೆಗೆ ಪೂರ್ಣ ಹೊರೆಯನ್ನು ಬಹುಹೊತ್ತು ಹೊರಿಸದಿರುವುದು ಒಳ್ಳೆಯದು. ಸೆಂಟ್ರಿಫ್ಯೂಗಲ್ ಪಂಪನ್ನು ನಡೆಸುವವರು ನೀರು ಹೊರಡುವ ಕೊಳವೆಯ ಗೇಟ್ ವಾಲ್ವನ್ನು ಅರೆ ಮುಚ್ಚಿದರೆ ನೀರಿನೊಡನೆ ಹೊರೆಯೂ ಕಡಿಮೆಯಾಗುವುದು. ಪೂರ್ತಿಯಾಗಿ ಮುಚ್ಚಿ ಬಹಳ ಹೊತ್ತು ನಡೆಸಿದರೆ ಪಂಪು ಕಾಯುವುದು. ಮೊದಲ ಕೆಲವು ಗಂಟೆ ತುಸು ನೀಲಿ ಹೊಗೆ ಬಂದರೆ ಗಾಬರಿ ಬೇಡ. ೨೫ ಗಂಟೆಗಳಾದ ಮೇಲೆ ಕೀಲೆಣ್ಣೆಯನ್ನು ಬಸಿದು ಹೊಸದನ್ನು ತುಂಬಬೇಕು. ರಿಂಗು ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿಯೆಲ್ಲಾ ಹಳೆಯ ಎಣ್ಣೆಯಲ್ಲಿರುವುದು.

ಸವೆತಕ್ಕೆ ಮೂಲ

ರಿಂಗು ಹೊಸದಾದರೂ ಸವೆತದ ಕಾರಣವು ಹಾಗೆಯೇ ಉಳಿದರೆ ಮತ್ತೆ ಅದೇ ವೆಚ್ಚ ಬರುವುದು. ಯಂತ್ರಕ್ಕೆ ಮುಖ್ಯ ಶತ್ರು ಧೂಳು. ಗಾಳಿಸೋಸುಕವನ್ನು ಕಿತ್ತಿಟ್ಟು ಯಂತ್ರವನ್ನು ನಡೆಸುವುದು ಸಿಲಿಂಡರಿಗೆ ಮಣ್ಣನ್ನು ಉಣಿಸಿದಂತೆಯೇ ಸರಿ. ಎಣ್ಣೆಯ ಬಟ್ಟಲಿರುವ ಸೋಸುಕವಾದರೆ ತಳದಲ್ಲಿ ಕೆಸರು ಕಂಡೊಡನೆ ತೊಳೆದು ಹೊಸ ಎಣ್ಣೆಯನ್ನು ಹಾಕಬೇಕು. ಉಳುಮೆ, ಕಣದ ಕೆಲಸಗಳ ಧೂಳಿನ ಕಾಲದಲ್ಲಿ ಇದನ್ನು ದಿನವೂ ನೋಡುವುದು ಮೇಲು. ಡೀಸೆಲ್ ಎಣ್ಣೆಯನ್ನು ತಿಳಿಯಾಗಲು ಬಿಟ್ಟು ಸೋಸಿಯೇ ತುಂಬಬೇಕು.

ಈ ಕೆಲಸವನ್ನು ಯಂತ್ರವು ನಿಂತ ಮೇಲೆ ಅವಸರದಲ್ಲಿ ಮಾಡಿಸುವುದಕ್ಕಿಂತ, ಸುಗ್ಗಿ ಮುಗಿದು ಬೇಸಿಗೆಯ ನೀರು ಹಾಯಿಸುವುದು ಬಿರುಸಾಗುವ ಮೊದಲು ಮಾಡಿಸುವುದು ಎಲ್ಲ ರೀತಿಯಲ್ಲಿಯೂ ಉತ್ತಮ. ಆಗ ಲೈನರನ್ನು ತರಿಸುವುದಕ್ಕೂ, ಅಳೆದು ಕೂಡಿಸುವುದಕ್ಕೂ, ಪಳಗಿಸುವುದಕ್ಕೂ ಕಾಲಾವಕಾಶವಿರುವುದು. ಒಂದು ಫೀಲರ್ ಗೇಜಿನ ಬೆಲೆಯು ಕೆಟ್ಟುಹೋಗುವ ಲೈನರಿನ ಬೆಲೆಯ ಮುಂದೆ ಅತ್ಯಲ್ಪ. ಒಂದೇ ಊರಿನಲ್ಲಿ ನಾಲ್ಕಾರು ಯಂತ್ರಗಳಿದ್ದರೆ ಒಡೆಯರು ಸೇರಿ ಒಂದನ್ನು ಕೊಂಡಿಟ್ಟುಕೊಳ್ಳಬಹುದು. ಮೇಸ್ತ್ರಿಯು ರಿಂಗನ್ನು ಕೈಗೆತ್ತಿಕೊಂಡಾಗ ಕೆಳತುದಿಯ ಸಂದು ಎಷ್ಟು, ಮೇಲ್ತುದಿಯ ಸಂದು ಎಷ್ಟು ಎಂಬ ಎರಡು ಲೆಕ್ಕಗಳನ್ನು ರೈತನು ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು. ಮುಂದಿನ ಸಲ ಯಂತ್ರವನ್ನು ಬಿಚ್ಚಿದಾಗ ಸವೆತವು ಎಷ್ಟು ಬೆಳೆದಿದೆಯೆಂಬುದು ಆ ಬರಹದಿಂದಲೇ ತಿಳಿಯುವುದು.